ಹ್ಯಾಂಡಲ್ ಹೊಡೆದ ಕೈ: ಗಡಿನಾಡಿನ ಹೊಲಗಳಲ್ಲಿ ಯಂತ್ರ ಚಾಲನೆಯ ಇತಿಹಾಸ

ಗಡಿನಾಡಿನ ಇತಿಹಾಸವೆಂದೊಡನೆ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಕಲ್ಯಾಣದ ಚಾಲುಕ್ಯರು ಬರುತ್ತಾರೆ. ಉಮರ್ಗಾದ ಪ್ರಾಚೀನ ದೇಗುಲ, ನಳದುರ್ಗದ ಕೋಟೆ, 1760ರಲ್ಲಿ ಮರಾಠರಿಗೂ ನಿಜಾಮನಿಗೂ ಉದಗೀರದ ಬಳಿ ನಡೆದ ಕಾಳಗ ಬರುತ್ತವೆ. ಬರಬೇಕಾದುದೂ ಸರಿಯೇ. ಆದರೆ ಕಳೆದ ನೂರು ವರ್ಷಗಳಲ್ಲಿ ದಾಳಿಂಬ, ಉಮರ್ಗಾ, ನಿಲಂಗಾ, ಉದಗೀರದ ಸೀಮೆಯ ಒಕ್ಕಲುತನವನ್ನು ಬುಡಸಹಿತ ಬದಲಿಸಿದ ಒಂದು ಸಂಗತಿಗೆ ಶಾಸನವೂ ಇಲ್ಲ, ಬಖೈರೂ ಇಲ್ಲ. ಅದೆಂದರೆ, ಹೊಲಕ್ಕೆ ಯಂತ್ರ ಬಂದದ್ದು. ಅದರಲ್ಲಿಯೂ, ಬಂದ ಯಂತ್ರವನ್ನು ಪ್ರತಿದಿನ ಬೆಳಿಗ್ಗೆ ಚಾಲೂ ಮಾಡುವ ಕ್ಷಣದಲ್ಲಿ ಮನುಷ್ಯನ ಕೈ ಎಲ್ಲಿರಬೇಕು, ಕಾಲು ಎಲ್ಲಿರಬೇಕು ಎಂಬ ವಿವೇಕವನ್ನು ನಮ್ಮವರು ಕಲಿತ ಬಗೆ. ಬಹುಮಟ್ಟಿಗೆ ಅದನ್ನು ಪುಸ್ತಕದಿಂದ ಕಲಿಯಲಿಲ್ಲ, ಗಾಯದಿಂದ ಕಲಿತರು.

ಈ ವಿಷಯ ನನ್ನ ಮನಸ್ಸಿಗೆ ಬಂದದ್ದು ವಿಚಿತ್ರ ರೀತಿಯಲ್ಲಿ. ನಮ್ಮ ಮನೆತನದ ಹುಡುಗನೊಬ್ಬ ಅಮೆರಿಕದಲ್ಲಿ ನೆಲೆಸಿದ್ದಾನೆ. ಅವನ ಮನೆಯ ಸುತ್ತ ಎಕರೆಯಷ್ಟು ಹುಲ್ಲು. ನಮ್ಮ ಕಡೆಯಾದರೆ ಎರಡು ಎಮ್ಮೆ ಬಿಟ್ಟರೆ ಮುಗಿಯುವ ಕೆಲಸ. ಅಲ್ಲಿ ಅದಕ್ಕೆ ಮೇಲೆ ಕುಳಿತು ಓಡಿಸುವ ಯಂತ್ರವೇ ಬೇಕು. ಅವನಲ್ಲಿ ಇರುವುದು ‘ಝೀರೋ ಟರ್ನ್’ ಎಂಬ ಬಗೆಯದು. ಸ್ಟೀರಿಂಗ್ ಚಕ್ರವಿಲ್ಲ, ಎರಡು ಕೈಗಳಿಗೆ ಎರಡು ಲಿವರು. ನಿಂತಲ್ಲಿಯೇ ಬುಗುರಿಯಂತೆ ತಿರುಗುತ್ತದೆ. ನಾನು ಅಲ್ಲಿಗೆ ಹೋದಾಗ ಅದರ ಕೈಪಿಡಿಯನ್ನು ತಿರುವಿ ನೋಡಿದೆ. ಓಡಿಸುವುದನ್ನು ಹೇಳುವುದಕ್ಕಿಂತ ಚಾಲೂ ಮಾಡುವ ಮುನ್ನಿನ ಎಚ್ಚರಿಕೆಗಳಿಗೇ ಹೆಚ್ಚು ಪುಟಗಳು. ಆ ಪುಟಗಳನ್ನು ಓದುತ್ತಿದ್ದಂತೆ ನನಗೆ ನೆನಪಾದದ್ದು ನಮ್ಮ ಬಾವಿಯ ದಂಡೆಯ ಎಣ್ಣೆ ಇಂಜಿನು, ಅದರ ಹ್ಯಾಂಡಲು, ಮತ್ತು ನಮ್ಮ ದೊಡ್ಡಪ್ಪನ ಸೊಟ್ಟಾದ ಮಣಿಕಟ್ಟು.

ಮೊದಲು ಯಂತ್ರಕ್ಕೆ ಮುಂಚಿನ ಕಾಲವನ್ನು ಸ್ವಲ್ಪ ನೋಡಬೇಕು. ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ಜೋಳದ ತೆನೆಯ ಮೇಲೆ ಸುತ್ತು ಹೊಡೆಸುವ ಹಂತಿಯನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ರಾತ್ರಿಯಿಡೀ ಹಂತಿಯ ಹಾಡು ನಡೆಯುತ್ತಿತ್ತು. ಹಾಡು ರಂಜನೆಗಷ್ಟೇ ಅಲ್ಲ. ಎತ್ತು ಹೊಡೆಯುವವನು ನಿದ್ದೆಗೆ ಜಾರದಿರಲೆಂಬ ಕಾರಣವೂ ಅದರಲ್ಲಿತ್ತು. ಆದರೂ ಜಾರಿ ಬಿದ್ದರೆ? ಪಳಗಿದ ಎತ್ತು ಸಾಮಾನ್ಯವಾಗಿ ನಿಲ್ಲುತ್ತಿತ್ತು. ಕಾಲಡಿಯಲ್ಲಿ ಮನುಷ್ಯನಿದ್ದಾನೆಂಬುದು ಅದಕ್ಕೆ ತಿಳಿಯುತ್ತಿತ್ತು. ಬಾವಿಯ ಮೊಟ್ಟೆ ಎಳೆಯುವ ಎತ್ತೂ ಹಾಗೆಯೇ. ಹೊಡೆಯುವವನ ದನಿ ನಿಂತರೆ ಅದರ ಹೆಜ್ಜೆಯೂ ನಿಲ್ಲುತ್ತಿತ್ತು. ಎತ್ತಿನಿಂದ ಅಪಾಯವೇ ಇರಲಿಲ್ಲವೆಂದು ಹೇಳುತ್ತಿಲ್ಲ. ಹಾಯುವ ಎತ್ತು, ಒದೆಯುವ ಎತ್ತು ಎಲ್ಲ ಊರುಗಳಲ್ಲಿಯೂ ಇದ್ದವು. ಆದರೆ ಮನುಷ್ಯನ ದನಿ ಕೇಳಿ ಹೊರಡುವ, ದನಿ ಇಲ್ಲದಾಗ ನಿಲ್ಲುವ ಶಕ್ತಿಯೊಂದಿಗೆ ಸಾವಿರಾರು ವರ್ಷ ಬಾಳಿದವರ ಕೈಗೆ, ಒಮ್ಮೆ ಹೊರಟರೆ ಯಾರ ದನಿಯನ್ನೂ ಕೇಳದ ಶಕ್ತಿಯೊಂದು ಬಂದಿತು.

ಅದರ ಮೊದಲ ಹೆಜ್ಜೆ ಇಂಜಿನ್ನಲ್ಲ, ಕಣಿಕೆ ಕತ್ತರಿಸುವ ಚಕ್ರ. ಮೇವು ಕತ್ತರಿಸುವ ಈ ಯಂತ್ರದ ಕತೆಯಲ್ಲಿ ಕನ್ನಡ ನೆಲದ ಪಾಲು ದೊಡ್ಡದು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದ ಅವರು, ತಮಗೆ ಸಲ್ಲಬೇಕಾದ ಬಡ್ತಿ ಇನ್ನೊಬ್ಬರ ಪಾಲಾದಾಗ ಬೆಳಗಾವಿಗೆ ಮರಳಿ, ಸೈಕಲ್ ವ್ಯಾಪಾರದಿಂದ ಬದುಕು ಕಟ್ಟಿಕೊಂಡರು. ಅವರ ಕಾರ್ಖಾನೆ ಮೊದಲಿಗೆ ತಯಾರಿಸಿದ ವಸ್ತುಗಳಲ್ಲಿ ಮೇವು ಕತ್ತರಿಸುವ ಯಂತ್ರವೂ ಕಬ್ಬಿಣದ ನೇಗಿಲೂ ಸೇರಿದ್ದವು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆಂದು ರೈತರು ಅಂಜಿದ್ದರಿಂದ ಮೊದಲ ನೇಗಿಲುಗಳು ವರ್ಷಗಟ್ಟಲೆ ಮಾರಾಟವಾಗದೆ ಉಳಿದ ಸಂಗತಿ ಪ್ರಸಿದ್ಧ. ಬೆಳಗಾವಿಯ ನಗರ ವಿಸ್ತರಣೆಗಾಗಿ ಕಾರ್ಖಾನೆಯ ಜಾಗವನ್ನು ಬಿಟ್ಟುಕೊಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ನೆಲವನ್ನೂ ಸಾಲವನ್ನೂ ಕೊಟ್ಟರು. 1910ರಲ್ಲಿ ಕುಂಡಲ್ ರೋಡ್ ಸ್ಟೇಶನ್ನಿನ ಬಳಿಯ ಬರಡು ಭೂಮಿಯಲ್ಲಿ ಕಿರ್ಲೋಸ್ಕರವಾಡಿ ಎದ್ದಿತು.

ರೈತ ನೇಗಿಲಿಗೆ ಅಂಜಿದ, ಕಣಿಕೆಯ ಚಕ್ರಕ್ಕೆ ಅಂಜಲಿಲ್ಲ. ಅಂಜಬೇಕಾಗಿದ್ದುದು ಚಕ್ರಕ್ಕೆ. ಕಬ್ಬಿಣದ ಗಾಲಿಯ ಅರಗಳಿಗೆ ಎರಡು ಅಲಗು. ಒಂದು ಕಡೆಯಿಂದ ಕಣಿಕೆಯ ಕಟ್ಟನ್ನು ನೂಕಬೇಕು, ಇನ್ನೊಬ್ಬರು ಗಾಲಿ ತಿರುವಬೇಕು. ನೂಕುವವರು ಒಬ್ಬರು, ತಿರುವುವವರು ಇನ್ನೊಬ್ಬರು ಎಂಬುದರಲ್ಲಿಯೇ ಅಪಾಯದ ಬೀಜವಿತ್ತು. ತಿರುವುವವನ ಕಣ್ಣಿಗೆ ನೂಕುವವನ ಬೆರಳು ಕಾಣದು. ನೂಕುವವರು ಹೆಚ್ಚಾಗಿ ಹೆಂಗಸರು, ಮಕ್ಕಳು. ‘ಹೂಂ’ ಎಂದ ಮೇಲೆಯೇ ಗಾಲಿ ಹೊರಳಿಸಬೇಕು, ಆಟಕ್ಕೂ ಮಕ್ಕಳು ಗಾಲಿ ಮುಟ್ಟಬಾರದು, ಕೆಲಸ ಮುಗಿದೊಡನೆ ಅರಕ್ಕೆ ಹಗ್ಗ ಬಿಗಿಯಬೇಕು: ನಮ್ಮ ಮನೆಯಲ್ಲಿ ಈ ಮೂರೂ ನಿಯಮಗಳಿದ್ದವು. ಯಾರೂ ಬರೆದಿಟ್ಟವಲ್ಲ. ಓಣಿಯಲ್ಲಿ ಎರಡು ಬೆರಳಿಲ್ಲದ ಮುದುಕಿಯೊಬ್ಬಳಿದ್ದಳು. ಆಕೆಯ ಕೈಯೇ ನಮಗೆ ಆ ನಿಯಮಗಳ ಪ್ರತಿ.

ಇನ್ನು ಎಣ್ಣೆ ಇಂಜಿನ್ನಿಗೆ ಬರೋಣ. ಇಲ್ಲಿ ಇತಿಹಾಸದ ಒಂದು ಸೋಜಿಗವನ್ನು ಹೇಳದೆ ಮುಂದೆ ಹೋಗಲಾರೆ. ಹುಲ್ಲುಹಾಸು ಕತ್ತರಿಸುವ ಯಂತ್ರವನ್ನು ಕಂಡುಹಿಡಿದವನು ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಎಡ್ವಿನ್ ಬಡ್ಡಿಂಗ್. ಆ ಸೀಮೆ ಉಣ್ಣೆಯ ಬಟ್ಟೆಗೆ ಹೆಸರಾದುದು. ನೇಯ್ದ ಬಟ್ಟೆಯ ಮೇಲಿನ ಜುಂಗನ್ನು ಸುರುಳಿ ಅಲಗಿನಿಂದ ಸವರಿ ನುಣ್ಣಗೆ ಮಾಡುವ ಯಂತ್ರವನ್ನು ನೋಡಿದ ಅವನಿಗೆ, ನೆಲದ ಜುಂಗಾದ ಹುಲ್ಲನ್ನೂ ಹೀಗೆಯೇ ಸವರಬಹುದಲ್ಲ ಎನ್ನಿಸಿತು. 1830ರಲ್ಲಿ ಹಕ್ಕುಪತ್ರ ಪಡೆದ. ಮುಂದೆ ಅವನು ಡರ್ಸ್ಲಿ ಎಂಬ ಸಣ್ಣ ಊರಿಗೆ ಬಂದು ಜಾರ್ಜ್ ಲಿಸ್ಟರ್ ಎಂಬವನೊಡನೆ ಕೆಲಸ ಮಾಡಿ, 1846ರಲ್ಲಿ ಅಲ್ಲಿಯೇ ತೀರಿಕೊಂಡ. ಆ ಜಾರ್ಜನ ಮಗ ರಾಬರ್ಟ್ ಆಷ್ಟನ್ ಲಿಸ್ಟರ್ 1867ರಲ್ಲಿ ಅದೇ ಊರಿನಲ್ಲಿ ತೆರೆದ ಕಂಪನಿಯೇ ಮುಂದೆ ಲೋಕದ ರೈತರೆಲ್ಲ ಬಲ್ಲ ಲಿಸ್ಟರ್ ಇಂಜಿನ್ನುಗಳನ್ನು ತಯಾರಿಸಿತು. ದೊಡ್ಡ ಗಾಲಿಗಳ, ನಿಮಿಷಕ್ಕೆ 600-650 ಸುತ್ತು ತಿರುಗುವ, ನಿಧಾನಗತಿಯ ಆ ಡೀಸೆಲ್ ಇಂಜಿನ್ನಿನ ಮಾದರಿಯನ್ನೇ ಹಿಡಿದು ಗುಜರಾತಿನ ರಾಜಕೋಟದ ಕಾರ್ಖಾನೆಗಳು ದಶಕಗಳ ಕಾಲ ಇಂಜಿನ್ನು ಮಾಡಿದವು. ಇತ್ತ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಎಣ್ಣೆ ಇಂಜಿನ್ನುಗಳ ಕಂಪನಿ ಸ್ಥಾಪನೆಯಾಯಿತು. ಹುಡುಗನ ಅಂಗಳದ ಯಂತ್ರಕ್ಕೂ ದೊಡ್ಡಪ್ಪನ ಬಾವಿಯ ಯಂತ್ರದ ವಂಶಕ್ಕೂ ಡರ್ಸ್ಲಿ ಎಂಬ ಒಂದೇ ಊರು ತವರಾಗಿರುವುದು ನನಗೆ ತಿಳಿದದ್ದು ತಡವಾಗಿ. ತಿಳಿದ ಮೇಲೆ ಈ ಲೇಖನ ಬರೆಯದೆ ಇರಲಾಗಲಿಲ್ಲ.

ಇಂಜಿನ್ನು ಬಂದ ಕಾಲದ ರಾಜಕೀಯವನ್ನೂ ಇಲ್ಲಿ ನೆನೆಯಬೇಕು. 1948ರ ಸೆಪ್ಟೆಂಬರಿನವರೆಗೆ ಈ ಸೀಮೆಯೆಲ್ಲ ನಿಜಾಮನ ಹೈದರಾಬಾದ್ ಸಂಸ್ಥಾನ. ಕಚೇರಿಯ ಭಾಷೆ ಉರ್ದು; 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಪಾಠವೂ ಉರ್ದುವಿನಲ್ಲಿಯೇ. ಉದಗೀರ ಮತ್ತು ನಿಲಂಗಾ ಆಗ ಬೀದರ್ ಜಿಲ್ಲೆಗೆ ಸೇರಿದ್ದವು, ಉಮರ್ಗಾ ಉಸ್ಮಾನಾಬಾದಿಗೆ. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಹೋದಾಗ ಉದಗೀರ, ನಿಲಂಗಾಗಳು ಅದರಿಂದ ಬೇರ್ಪಟ್ಟು ಮುಂಬಯಿ ರಾಜ್ಯಕ್ಕೆ ಬಂದವು, 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರು ಜಿಲ್ಲೆಯಾಯಿತು. ಇದೆಲ್ಲ ನಮ್ಮ ಓದುಗರಿಗೆ ಗೊತ್ತಿರುವುದೇ. ಆದರೆ ಇದರಿಂದ ಇಂಜಿನ್ನಿನ ಮುಂದೆ ನಿಂತ ಮನುಷ್ಯನಿಗೆ ಏನಾಯಿತೆಂಬುದನ್ನು ನಾವು ಯೋಚಿಸಿಲ್ಲ. ಮನೆಯಲ್ಲಿ ಕನ್ನಡ ಆಡುವವನಿಗೆ ಯಂತ್ರದ ಹಿತ್ತಾಳೆ ತಗಡಿನ ಮೇಲೆ ಇಂಗ್ಲಿಷು. ಕಚೇರಿಯಲ್ಲಿ ಮೊದಲು ಉರ್ದು, ಬಳಿಕ ಮರಾಠಿ. ‘ಚಾಲೂ’ ಎಂಬ ಮಾತೂ ‘ಬಂದ್’ ಎಂಬ ಮಾತೂ ನಮ್ಮ ಕನ್ನಡದಲ್ಲಿ ಬೇರೂರಿದ್ದು ಆ ದಾರಿಯಿಂದಲೇ. ಮಾತು ಬಂದಿತು, ಅದರ ಜೊತೆ ಬರಬೇಕಾದ ಬರಹ ಬರಲಿಲ್ಲ. ಹೀಗಾಗಿ ಇಂಜಿನ್ನು ಎಬ್ಬಿಸುವ ವಿದ್ಯೆ ನಮ್ಮಲ್ಲಿ ಕೇವಲ ಬಾಯಿಂದ ಬಾಯಿಗೆ ಹೋಯಿತು.

ಆ ಬಾಯಿವಿದ್ಯೆ ಕೀಳಾದುದಲ್ಲ. ಅದನ್ನು ನನಗೆ ನೆನಪಿದ್ದಷ್ಟು ಇಲ್ಲಿ ದಾಖಲಿಸುತ್ತೇನೆ. ಮೊದಲು ಧೋತರದ ಕಚ್ಚೆ ಬಿಗಿ, ಹೆಗಲ ಮೇಲಿನ ಟವೆಲ್ಲು ತೆಗೆದು ಗೂಟಕ್ಕೆ ಹಾಕು. ಇಂಜಿನ್ನಿಗೂ ಪಂಪಿಗೂ ನಡುವಿನ ಪಟ್ಟೆಯನ್ನು ಸುಮ್ಮನೆ ತಿರುಗುವ ಗಾಲಿಯ ಮೇಲೆ ಸರಿಸು, ಹೊರೆ ಇಲ್ಲದಿರಲಿ. ಎಣ್ಣೆ, ನೀರು ನೋಡು. ಹೊಗೆ ಹೋಗುವ ಕವಾಟವನ್ನು ಎತ್ತಿ ಹಿಡಿಯುವ ಸಣ್ಣ ಲಿವರನ್ನು ಎತ್ತು. ಆಗ ಸಿಲಿಂಡರಿನಲ್ಲಿ ಗಾಳಿ ಒತ್ತುಗೊಳ್ಳದೆ ಗಾಲಿ ಹಗುರಾಗಿ ತಿರುಗುತ್ತದೆ. ಶಾಫ್ಟಿನ ತುದಿಗೆ ಒಂದು ಹನಿ ಎಣ್ಣೆ ಬಿಟ್ಟು ಹ್ಯಾಂಡಲ್ ಸಿಕ್ಕಿಸು. ಹಿಡಿಯುವಾಗ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಕಡೆಗೇ ಇರಲಿ; ಹಿಡಿಕೆಯನ್ನು ಸುತ್ತಿ ಹಿಡಿಯಬೇಡ. ಗಾಲಿಗೆ ಸಾಕಷ್ಟು ವೇಗ ಬಂದ ಮೇಲೆಯೇ ಲಿವರು ಬಿಡು. ‘ಡುಗ್’ ಎಂದೊಡನೆ ಹ್ಯಾಂಡಲನ್ನು ನೇರವಾಗಿ ಹೊರಗೆಳೆದು ಹಿಂದೆ ಸರಿ.

ಪ್ರತಿಯೊಂದು ಮಾತಿಗೂ ಕಾರಣವಿದೆ. ವೇಗ ಸಾಲದೆ ಲಿವರು ಬಿಟ್ಟರೆ, ಒತ್ತುಗೊಂಡ ಗಾಳಿ ಪಿಸ್ಟನನ್ನು ಹಿಂದಕ್ಕೆ ಎಸೆಯುತ್ತದೆ. ಹ್ಯಾಂಡಲ್ ತಿರುಗುಮುರುಗಾಗಿ ಹೊಡೆಯುತ್ತದೆ. ಹೆಬ್ಬೆರಳು ಸುತ್ತಿಕೊಂಡಿದ್ದರೆ ಕೈ ಬಿಡಿಸಿಕೊಳ್ಳಲಾಗದು. ಶಾಫ್ಟಿನ ತುದಿ ಸವೆದಿದ್ದರೆ ಹ್ಯಾಂಡಲ್ ಅಲ್ಲಿಯೇ ಕಚ್ಚಿಕೊಂಡು ಇಂಜಿನ್ನಿನ ಜೊತೆಗೇ ತಿರುಗತೊಡಗುತ್ತದೆ. ಆಮೇಲೆ ಯಾವ ಕ್ಷಣದಲ್ಲಿ ಕಳಚಿ ಯಾರ ಎದೆಗೆ ಹಾರುವುದೋ ತಿಳಿಯದು. ಹಾಗಾದಾಗ ಅದನ್ನು ಹಿಡಿಯಲು ಹೋಗದೆ ಎಣ್ಣೆ ಬಂದ್ ಮಾಡಿ ದೂರ ನಿಲ್ಲುವುದೊಂದೇ ದಾರಿ. ನಮ್ಮ ದೊಡ್ಡಪ್ಪನಿಗೆ ಆದದ್ದು ಮೊದಲನೆಯದು. ಮಾಘದ ಚಳಿಯ ಬೆಳಗು, ತಣ್ಣಗಾದ ಇಂಜಿನ್ನು, ಗಾಲಿಗೆ ವೇಗ ಬರುವ ಮೊದಲೇ ಲಿವರು ಬಿಟ್ಟರು. ಮಣಿಕಟ್ಟಿನ ಎಲುಬು ಮುರಿಯಿತು. ಊರಿನ ಕೀಲುವೈದ್ಯರು ಬಿದಿರ ಪಟ್ಟಿ ಕಟ್ಟಿದರು. ಎಲುಬು ಕೂಡಿತು, ಸೊಟ್ಟಾಗಿ. ಮುಂದಿನ ಮೂವತ್ತು ವರ್ಷ ಅವರು ಯಾರಿಗೆ ಇಂಜಿನ್ನು ಕಲಿಸಿದರೂ ಮೊದಲು ಆ ಕೈಯನ್ನು ಮುಂದೆ ಚಾಚುತ್ತಿದ್ದರು. ಪಾಠ ಆಮೇಲೆ.

ಲೋಕದಲ್ಲಿ ಇದೇ ಹ್ಯಾಂಡಲಿನ ಪೆಟ್ಟು ದೊಡ್ಡ ಬದಲಾವಣೆಗೆ ಕಾರಣವಾಯಿತು. ಅಮೆರಿಕದಲ್ಲಿ ಮೋಟಾರು ಹ್ಯಾಂಡಲ್ ತಿರುಗಿ ಹೊಡೆದು ಗಾಯಗೊಂಡವನೊಬ್ಬ ಸತ್ತನೆಂದೂ, ಅದರಿಂದ ನೊಂದ ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೆಲ್ಯಾಂಡ್ ಹ್ಯಾಂಡಲನ್ನೇ ತೊಲಗಿಸುವ ಉಪಾಯ ಹುಡುಕಿಸಿದನೆಂದೂ ಕತೆಯಿದೆ. ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ವಿದ್ಯುತ್ ಸ್ಟಾರ್ಟರನ್ನು ಸಿದ್ಧಪಡಿಸಿದ್ದೂ, 1912ರ ಕ್ಯಾಡಿಲಾಕ್ ಮೋಟಾರುಗಳಲ್ಲಿ ಅದು ಬಂದದ್ದೂ ನಿಶ್ಚಿತ. ನಮ್ಮ ಬಾವಿಗಳ ದಂಡೆಯಲ್ಲಿ ಹ್ಯಾಂಡಲ್ ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಉಳಿಯಿತು. ಬ್ಯಾಟರಿಗೆ ಹಣ ಬೇಕು, ಕೈಗೆ ಹಣ ಬೇಡ. ಈ ಲೆಕ್ಕವನ್ನು ಹಾಕಿದವರು ಕೈ ಕಳೆದುಕೊಳ್ಳುವವರಲ್ಲವೆಂಬುದನ್ನೂ ಜೊತೆಗೇ ಬರೆದಿಡಬೇಕು.

1972ರ ಬರದ ಆಸುಪಾಸಿನಲ್ಲಿ ಇನ್ನೊಂದು ಅಪಾಯ ಸೇರಿಕೊಂಡಿತು. ನೀರು ಎಷ್ಟು ಆಳಕ್ಕೆ ಹೋದರೂ ಪಂಪು ಹೀರಬಲ್ಲದೆಂಬುದು ತಪ್ಪು ತಿಳಿವಳಿಕೆ. ಹೀರುವುದು ಪಂಪಲ್ಲ, ಮೇಲಿಂದ ಒತ್ತುವುದು ಗಾಳಿ. ಆದ್ದರಿಂದ ಲೆಕ್ಕದಲ್ಲಿ 10 ಮೀಟರು, ಬಳಕೆಯಲ್ಲಿ 7-8 ಮೀಟರಿಗಿಂತ ಕೆಳಗಿನ ನೀರು ಮೇಲಿರುವ ಪಂಪಿಗೆ ದಕ್ಕದು. ನೀರು ಇಳಿದಂತೆ ಇಂಜಿನ್ನನ್ನೂ ಬಾವಿಯೊಳಗೆ ಇಳಿಸಿ, ನಡುವಿನ ಕಟ್ಟೆಯ ಮೇಲೆ ಕೂರಿಸಬೇಕಾಯಿತು. ಇಕ್ಕಟ್ಟಿನ ಬಾವಿಯಲ್ಲಿ ಇಂಜಿನ್ನಿನ ಹೊಗೆ ತಂಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವನು ಎಚ್ಚರ ತಪ್ಪುತ್ತಾನೆ. ಎತ್ತಲು ಇಳಿದ ಎರಡನೆಯವನೂ ಏಳುವುದಿಲ್ಲ. ಕಂದೀಲು ಇಳಿಬಿಟ್ಟು ಉರಿಯುತ್ತದೆಯೇ ಎಂದು ನೋಡುವ ಹಿರಿಯರ ಪದ್ಧತಿ ಗಾಳಿ ತೀರ ಕೆಟ್ಟ ಬಾವಿಯನ್ನು ತೋರಿಸುತ್ತಿತ್ತು. ಈ ವಿಷವನ್ನು ತೋರಿಸುತ್ತಿರಲಿಲ್ಲ. ದೀಪ ಉರಿಯುತ್ತಿದ್ದರೂ ಮನುಷ್ಯ ಸಾಯುವಷ್ಟು ಸಣ್ಣ ಪ್ರಮಾಣ ಸಾಕು. ಅನುಭವದ ವಿದ್ಯೆ ಸೋತ ಜಾಗ ಇದು, ಮತ್ತು ಬರಹದ ಅಗತ್ಯವಿದ್ದ ಜಾಗ.

ವಿದ್ಯುತ್ತು ಬಂದ ಮೇಲೆ ಕೈಗೆ ಪೆಟ್ಟು ತಪ್ಪಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಒಳಗೆ ಒಂದು ಸುರುಳಿ. ಕರೆಂಟು ಹೋದೊಡನೆ ಆ ಸುರುಳಿ ತನ್ನ ಹಿಡಿತ ಬಿಡುತ್ತದೆ. ಮತ್ತೆ ಕರೆಂಟು ಬಂದರೂ ಮೋಟಾರು ತಾನಾಗಿ ತಿರುಗದು, ಮನುಷ್ಯನೇ ಬಂದು ಹಸಿರು ಗುಂಡಿ ಒತ್ತಬೇಕು. ಸಣ್ಣದೆಂದು ಕಾಣುವ ಈ ಏರ್ಪಾಡು ಯಂತ್ರವಿಜ್ಞಾನದ ದೊಡ್ಡ ವಿವೇಕಗಳಲ್ಲಿ ಒಂದೆಂದು ನನ್ನ ಎಣಿಕೆ. ಯಂತ್ರ ತಾನಾಗಿ ಏಳಬಾರದು. ಎಬ್ಬಿಸುವವನು ಎದುರಿಗೆ ಇರಬೇಕು. ಪಂಪಿನೊಳಗೆ ಸಿಕ್ಕ ಕಸ ತೆಗೆಯಲು ಕೈ ಹಾಕಿದವನ ಜೀವ ಆ ಸುರುಳಿಯ ಮೇಲೆ ನಿಂತಿದೆ.

ಆದರೆ ನಮ್ಮ ಹೊಲಗಳಿಗೆ ಕರೆಂಟು ಬರುವುದು ರಾತ್ರಿ. ಎಷ್ಟು ಗಂಟೆಗೆ ಎಂಬುದು ವಾರಕ್ಕೊಂದು ಬಗೆ. ಹಸಿರು ಗುಂಡಿ ಒತ್ತಲು ಅಪರಾತ್ರಿ ಕೈಬತ್ತಿ ಹಿಡಿದು, ಹಾವು-ಚೇಳುಗಳ ನಡುವೆ ಹೋಗುವವನಾರು? ರೈತ ‘ಆಟೋ’ ಹಾಕಿಸಿದ. ಕರೆಂಟು ಬಂದೊಡನೆ ಮೋಟಾರನ್ನು ತಾನಾಗಿ ಚಾಲೂ ಮಾಡುವ ಉಪಕರಣ ಅದು. ಎಂಜಿನಿಯರು ಸುರುಳಿಯಿಂದ ಯಾವುದನ್ನು ತಡೆದಿದ್ದನೋ ಅದನ್ನೇ ಈ ಪೆಟ್ಟಿಗೆ ಮಾಡಿತು. ರೈತನನ್ನು ಅಜ್ಞಾನಿ ಎನ್ನಲು ನನಗೆ ಬಾಯಿ ಬಾರದು. ಹಾವಿನ ಅಪಾಯ ಪ್ರತಿರಾತ್ರಿಯದು, ಮೋಟಾರಿನದು ಎಂದೋ ಒಮ್ಮೆ. ಅವನು ಎರಡನ್ನೂ ತೂಗಿ ನೋಡಿದ್ದಾನೆ. ತಪ್ಪು ರಾತ್ರಿ ಕರೆಂಟಿನದು.

ಈಗ ಕಣಕ್ಕೆ ಬರೋಣ. ಹಂತಿ ಹೋಗಿ ರಾಶಿ ಮಷೀನು ಬಂದಿತು. ಮೊದಲು ಉತ್ತರ ಭಾರತದ ಗೋದಿಯ ಸೀಮೆಯಲ್ಲಿ, ಹಸಿರು ಕ್ರಾಂತಿಯ ವರ್ಷಗಳಲ್ಲಿ ಅದು ಹಬ್ಬಿತು. ಆಮೇಲೆ ನಮ್ಮ ಜೋಳ, ತೊಗರಿ, ಸೋಯಾಬೀನಿಗೂ ಬಂದಿತು. ತೆನೆ ನೂಕುವ ಬಾಯಿ ಗಿಡ್ಡವಾಗಿದ್ದರೆ ನೂಕುವವನ ಕೈ ಒಳಗಿನ ಉರುಳೆಯ ಹಲ್ಲಿಗೆ ನಿಲುಕುತ್ತದೆ. ಸುಗ್ಗಿಯ ಅವಸರ, ಬಾಡಿಗೆಯ ಮಷೀನು, ರಾತ್ರಿಯ ಪಾಳಿ, ಸೀರೆಯ ಸೆರಗು, ನಿದ್ದೆ. ಇಲ್ಲಿ ಹಂತಿಯ ಹಾಡೂ ಇಲ್ಲ, ಇದ್ದರೂ ಸದ್ದಿನಲ್ಲಿ ಕೇಳದು. ಸಾವಿರಾರು ಕೂಲಿಕಾರರು ಕೈ ಕಳೆದುಕೊಂಡ ಮೇಲೆ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಮಾಡಿತು. 1948ರ ಕಾರ್ಖಾನೆ ಕಾಯಿದೆಯು ತಿರುಗುವ ಗಾಲಿಗೆ ಬೇಲಿ ಹಾಕಬೇಕೆಂದು ಹೇಳಿತ್ತಾದರೂ ಹೊಲ ಅದರ ಹೊರಗಿತ್ತು. ಅದೇ ಗಾಲಿ, ಅದೇ ಕೈ. ಕಾರ್ಖಾನೆಯ ಗೋಡೆಯೊಳಗಿದ್ದರೆ ಬೇಲಿ, ಕಣದಲ್ಲಿದ್ದರೆ ಇಲ್ಲ. ಈ ತಾರತಮ್ಯವನ್ನು ಕಾನೂನು ಕಾಣಲು 35 ವರ್ಷ ಹಿಡಿಯಿತು. ಹೊಸ ಕಾಯಿದೆ ರಾಶಿ ಮಷೀನನ್ನು ಹೆಸರಿಟ್ಟು ಅಪಾಯಕಾರಿ ಎಂದಿತು, ತಯಾರಕರ ಹೊಣೆಯನ್ನು ಹೇಳಿತು, ಗಾಯಗೊಂಡವರಿಗೆ ಪರಿಹಾರವನ್ನು ವಿಧಿಸಿತು. ನಮ್ಮ ಸೀಮೆಯ ಕಣಗಳಲ್ಲಿ ಅದರ ಹೆಸರು ಕೇಳಿದವರನ್ನು ನಾನು ಕಂಡಿಲ್ಲ.

ಟ್ರ್ಯಾಕ್ಟರಿನದು ಇನ್ನೊಂದು ಕತೆ. ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಭಾರತದಲ್ಲಿ ತಯಾರಾದ ಮೊದಲ ಟ್ರ್ಯಾಕ್ಟರು 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಹೊರಬಂದಿತು. ಗೇರಿನಲ್ಲಿದ್ದಾಗ ಏಳದಂತೆ ತಡೆಯುವ ಸ್ವಿಚ್ಚು ಮುಂದೆ ಟ್ರ್ಯಾಕ್ಟರುಗಳಿಗೆ ಬಂದಿತು. ಬ್ಯಾಟರಿ ಸೋತಾಗ, ಕೀಲಿಯ ತಂತಿ ಕೆಟ್ಟಾಗ, ನೆಲದ ಮೇಲೆ ನಿಂತೇ ಸ್ಟಾರ್ಟರಿನ ಎರಡು ತುದಿಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಇಂಜಿನ್ನು ಎಬ್ಬಿಸುವ ‘ಜಾಣತನ’ ನಮ್ಮಲ್ಲಿ ಸಾಮಾನ್ಯ. ಆಗ ಆ ಸ್ವಿಚ್ಚಿಗೆ ಕೆಲಸವೇ ಇಲ್ಲ. ಗೇರಿನಲ್ಲಿದ್ದರೆ ಟ್ರ್ಯಾಕ್ಟರು ಎದ್ದೊಡನೆ ಹೊರಡುತ್ತದೆ. ತಾಗಿಸಿದವನು ನಿಂತಿರುವುದು ಹಿಂದಿನ ದೊಡ್ಡ ಗಾಲಿಯ ಮುಂದೆ. ಈ ಸಾವಿಗೆ ದೇಶಭೇದವಿಲ್ಲ. ಅಮೆರಿಕದ ಹೊಲಗಳಲ್ಲಿಯೂ ಹೀಗೆಯೇ ಸತ್ತವರಿದ್ದಾರೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಹುಡುಗನ ಅಂಗಳದ ಝೀರೋ ಟರ್ನನ್ನು ನೋಡಬೇಕು. ಬಡ್ಡಿಂಗನ ತಳ್ಳುವ ಯಂತ್ರಕ್ಕೆ ಮೋಟಾರು ಕೂಡಿ ಮಾರಾಟಕ್ಕೆ ಬಂದದ್ದು 1902ರಲ್ಲಿ, ಇಪ್ಸ್‌ವಿಚ್ಚಿನ ರ‍್ಯಾನ್ಸಮ್ಸ್ ಕಂಪನಿಯಿಂದ. ಮೇಲೆ ಕುಳಿತು, ಎರಡು ಲಿವರುಗಳಿಂದ ಹಿಂದಿನ ಎರಡು ಗಾಲಿಗಳನ್ನು ಬೇರೆಬೇರೆಯಾಗಿ ನಡೆಸುವ ಮಾದರಿಯನ್ನು 1960ರ ದಶಕದ ಮೊದಲ ವರ್ಷಗಳಲ್ಲಿ ಕಾನ್ಸಾಸ್ ಸೀಮೆಯ ಜಾನ್ ರೆಗಿಯರ್ ರೂಪಿಸಿದ. ಅದರ ಹೊಟ್ಟೆಯಡಿಯ ಅಲಗಿನ ತುದಿ ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ತಿರುಗಬಲ್ಲದು. ಸಿಕ್ಕ ಕಲ್ಲು ಗುಂಡಾಗುತ್ತದೆ. ಆದ್ದರಿಂದ ಚಾಲೂ ಮಾಡುವ ಮುನ್ನ ಅವನು ಅಂಗಳವನ್ನೆಲ್ಲ ಕಾಲಲ್ಲಿ ಸುತ್ತಿ ಕಲ್ಲು, ತಂತಿ, ಮಗುವಿನ ಆಟಿಕೆಗಳನ್ನು ಆಯುತ್ತಾನೆ. ಮಗು ಮನೆಯೊಳಗೆ, ಬಾಗಿಲು ಹಾಕಿ. ಪೆಟ್ರೋಲು ತುಂಬುವುದು ಇಂಜಿನ್ನು ತಣ್ಣಗಿದ್ದಾಗ, ಬಯಲಿನಲ್ಲಿ. ಮುಚ್ಚಿದ ಕೊಟ್ಟಿಗೆಯೊಳಗೆ ಯಂತ್ರ ಎಬ್ಬಿಸುವುದಿಲ್ಲ. ಬಾವಿಯಲ್ಲಿ ನಮ್ಮವರನ್ನು ಕೊಂದ ಹೊಗೆಯೇ ಅಲ್ಲಿಯೂ ಇರುವುದು. ಬಳಿಕ ಸೀಟಿನ ಮೇಲೆ ಕುಳಿತು ಪಟ್ಟಿ ಬಿಗಿಯುತ್ತಾನೆ. ನಿಲುಗಡೆ ಬ್ರೇಕು ಹಾಕಿದೆಯೇ? ಎರಡೂ ಲಿವರುಗಳು ಹೊರಕ್ಕೆ ಸರಿದು ತಟಸ್ಥ ಗುಳಿಯಲ್ಲಿ ಕೂತಿವೆಯೇ? ಅಲಗು ತಿರುಗಿಸುವ ಗುಂಡಿ ಕೆಳಗೆ ಒತ್ತಿಕೊಂಡು ಬಿಡುವಾಗಿದೆಯೇ? ಇವುಗಳಲ್ಲಿ ಯಾವುದು ತಪ್ಪಿದ್ದರೂ ಕೀಲಿ ತಿರುವಿದರೆ ಇಂಜಿನ್ನು ಏಳುವುದಿಲ್ಲ. ತಣ್ಣಗಿದ್ದರೆ ಚೋಕ್ ಎಳೆದು, ಕೆಲವು ಸೆಕೆಂಡು ಮಾತ್ರ ಕೀಲಿ ಹಿಡಿದು, ಎದ್ದ ಮೇಲೆ ಚೋಕ್ ಬಿಟ್ಟು ಸ್ವಲ್ಪ ಹೊತ್ತು ಬಿಸಿಯಾಗಲು ಬಿಡಬೇಕು. ಆಮೇಲೆ ಬ್ರೇಕು ತೆಗೆದು ಲಿವರುಗಳನ್ನು ಒಳಕ್ಕೆ ತಂದು ಮೆಲ್ಲನೆ ಮುಂದೊತ್ತಬೇಕು. ಹೊಸಬರು ಜೋರಾಗಿ ಒತ್ತಿ ಕುದುರೆಯಂತೆ ಎಗರಿಸುತ್ತಾರೆ. ಇಳಿಜಾರಿನಲ್ಲಿ ಇನ್ನೂ ಎಚ್ಚರ ಬೇಕು. ಮುಂದಿನ ಸಣ್ಣ ಗಾಲಿಗಳು ಸುಮ್ಮನೆ ಹೊರಳುವಂಥವು, ಹಿಂದಿನವು ಜಾರಿದರೆ ತಿರುಗಿಸಲೂ ನಿಲ್ಲಿಸಲೂ ಬೇರೆ ಉಪಾಯವಿಲ್ಲ.

ಪಟ್ಟೆಯನ್ನು ಸುಮ್ಮನೆ ತಿರುಗುವ ಗಾಲಿಯ ಮೇಲೆ ಸರಿಸು ಎಂದು ದೊಡ್ಡಪ್ಪ ಹೇಳುತ್ತಿದ್ದುದೂ, ಅಲಗಿನ ಗುಂಡಿ ಬಿಡುವಾಗಿರಲಿ ಎಂದು ಈ ಕೈಪಿಡಿ ಹೇಳುವುದೂ ಒಂದೇ ಮಾತು. ವ್ಯತ್ಯಾಸ ಇಷ್ಟೇ: ಅಲ್ಲಿ ಮನುಷ್ಯ ಮರೆತರೆ ಯಂತ್ರ ಹೊಡೆಯುತ್ತಿತ್ತು; ಇಲ್ಲಿ ಮನುಷ್ಯ ಮರೆತರೆ ಯಂತ್ರ ಏಳದೆ ಕೂರುತ್ತದೆ. ಈ ಗುಣ ತಯಾರಕರ ದಯೆಯಿಂದಷ್ಟೇ ಬಂದದ್ದಲ್ಲ. ಅಮೆರಿಕದ ಬಳಕೆದಾರರ ಸುರಕ್ಷತಾ ಆಯೋಗ 1979ರಲ್ಲಿ ಮಾಡಿ 1982ರಲ್ಲಿ ಜಾರಿಗೆ ತಂದ ನಿಯಮದ ಪ್ರಕಾರ, ನಡೆದು ತಳ್ಳುವ ಯಂತ್ರದ ಹಿಡಿಕೆ ಬಿಟ್ಟ 3 ಸೆಕೆಂಡಿನೊಳಗೆ ಅಲಗು ನಿಲ್ಲಬೇಕು. ಕುಳಿತು ಓಡಿಸುವ ಯಂತ್ರಗಳಿಗೆ ಉದ್ಯಮವೇ ಒಪ್ಪಿಕೊಂಡ ಮಾನಕಗಳಿವೆ. ಸೀಟಿನಡಿಯ ಸ್ವಿಚ್ಚು ಅವುಗಳ ಫಲ. ಅಲಗು ತಿರುಗುತ್ತಿರುವಾಗ ಕುಳಿತವನು ಎದ್ದರೆ ಇಂಜಿನ್ನು ನಿಲ್ಲುತ್ತದೆ.

ಒಂದು ಸಂಜೆ ಹುಡುಗ ಏನನ್ನೋ ನೋಡಲು ಸೀಟಿನಿಂದ ಅರ್ಧ ಎದ್ದ, ಯಂತ್ರ ಥಟ್ಟನೆ ನಿಂತಿತು. ಜಗಲಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಅವನ ತಾಯಿ, ನಮ್ಮ ಕಣದಲ್ಲಿ ಹಂತಿ ಕಂಡವಳು, ‘ಎತ್ತಿನಂಗ ನಿಂತ್ತು ನೋಡ್ರಿ’ ಎಂದಳು. ಆ ಸ್ವಿಚ್ಚನ್ನು ತಂತಿಯಿಂದ ಕಟ್ಟಿ ನಿಷ್ಫಲ ಮಾಡುವವರು ಅಲ್ಲಿಯೂ ಇದ್ದಾರಂತೆ. ಗುಡ್ಡೆ-ಗುಂಡಿಯಲ್ಲಿ ಕುಲುಕಿದಾಗಲೆಲ್ಲ ಇಂಜಿನ್ನು ನಿಲ್ಲುವುದು ಅವರಿಗೆ ಬೇಸರ. ನಮ್ಮ ‘ಆಟೋ’ ರೈತನಿಗಾದರೂ ಹಾವಿನ ನೆಪವಿತ್ತು.

ಆ ಕೈಪಿಡಿ ಮೂರು ಭಾಷೆಗಳಲ್ಲಿತ್ತು: ಇಂಗ್ಲಿಷು, ಸ್ಪ್ಯಾನಿಷು, ಫ್ರೆಂಚು. ಹುಲ್ಲು ಕತ್ತರಿಸುವ ಕೂಲಿಯವನು ಯಾವ ಭಾಷೆಯವನೆಂಬುದನ್ನು ಯಾರೋ ಯೋಚಿಸಿದ್ದರು. ನಮ್ಮ ಸಂಘದ ಗೆಳೆಯರಲ್ಲಿ ನಾನು ಈಗಾಗಲೇ ಅರಿಕೆ ಮಾಡಿಕೊಂಡಿದ್ದೇನೆ: ಸಮ್ಮೇಳನದ ಹೊತ್ತಿಗೆ ನಾಲ್ಕು ಪುಟದ ಒಂದು ಕಿರುಹೊತ್ತಿಗೆ ತರೋಣ, ಇಂಜಿನ್ನು, ಮೋಟಾರು, ರಾಶಿ ಮಷೀನು, ಟ್ರ್ಯಾಕ್ಟರುಗಳನ್ನು ಎಬ್ಬಿಸುವ ಕ್ರಮವನ್ನು ನಮ್ಮ ಆಡುಮಾತಿನಲ್ಲಿಯೇ ಬರೆಯೋಣ. ಒಬ್ಬರು ಕೇಳಿದರು: ಯಾವ ಲಿಪಿಯಲ್ಲಿ? ಪ್ರಶ್ನೆ ನ್ಯಾಯವಾದುದೇ. ಮನೆಯಲ್ಲಿ ಕನ್ನಡವಾಡಿ ಮರಾಠಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ಕನ್ನಡ ಅಕ್ಷರ ಬಾರದು. ಎರಡು ಲಿಪಿಗಳಲ್ಲಿಯೂ ಆಗಲಿ ಎಂದೆ. ಲಿಪಿಯ ಬಗ್ಗೆ ವಾದ ಬೇರೆ ವೇದಿಕೆಯಲ್ಲಿ ಮಾಡೋಣ, ರಾಶಿ ಮಷೀನಿನ ಬಾಯಿಯಲ್ಲಿ ಬೇಡ.

ಆ ಉತ್ತರ ನನ್ನ ಸ್ವಂತದ್ದಲ್ಲ. ನಮ್ಮ ಪಂಪಿನ ಕೋಣೆಯ ಗೋಡೆಯ ಮೇಲೆ, ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲಿ, ದೊಡ್ಡಪ್ಪ ತಮ್ಮ ಕೊನೆಯ ವರ್ಷಗಳಲ್ಲಿ ಗೇರುಣ್ಣೆಯಿಂದ ಬರೆಸಿದ ಸಾಲುಗಳಿವೆ. ಅಕ್ಷರ ಬರೆದವನು ಆಗ ಏಳನೆಯ ಇಯತ್ತೆಯಲ್ಲಿದ್ದ, ಈಗ ಅಮೆರಿಕದಲ್ಲಿರುವ ಅದೇ ಹುಡುಗ. ಲಿಪಿ ದೇವನಾಗರಿ. ಮಾತು ಕನ್ನಡ: ‘ಕರೆಂಟ್ ಹೋದ್ರೂ ಬರತದ. ಮೊದಲ ಮೇನ್ ತಗೀರಿ. ಆಮ್ಯಾಗ ಕೈ ಹಾಕ್ರಿ.’ ಎರಡನೆಯ ಸಾಲಿನ ಕೆಳಗೆ ಸೊಟ್ಟ ಗೆರೆಯೊಂದು ಎಳೆದಿದೆ. ಅದು ದೊಡ್ಡಪ್ಪನ ಕೈಯದು.